ದೋಣಿಯ ಮೀನುತೊಟ್ಟಿ ಸೋರುತ್ತಿದೆಯೇ? ಅಂಟು ಹಚ್ಚುವ ಮೊದಲು ತೂತು ಎಲ್ಲಿದೆ ಎಂದು ಹುಡುಕಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ದಿನ ಅಮೆರಿಕದ ಮಿನ್ನೆಸೋಟದಲ್ಲಿರುವ ದೊಡ್ಡಪ್ಪನ ಮಗ ಒಂದು ಫೋಟೊ ಹಾಕಿದ. ಅವನು ಕೊಂಡ ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ದೋಣಿಯ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. 'ಲೈವ್‌ವೆಲ್ ಸೋರ್ತಿದೆ ಅನ್ಸುತ್ತೆ' ಎಂದು ಕೆಳಗೆ ಬರೆದಿದ್ದ.

ಐದು ನಿಮಿಷದಲ್ಲಿ ಮೂರು ಸಲಹೆ ಬಂದವು. ಶಿವಮೊಗ್ಗದಿಂದ ದೊಡ್ಡಪ್ಪ: 'ಎಂ-ಸೀಲ್ ಹಚ್ಚೋ, ಮುಗೀತು.' ಒಬ್ಬ ಮಾವ: 'ನೀರು ಹೊರಗೆ ಹಾಕೋ ಪಂಪ್ ಇದೆಯಲ್ಲ, ಬಿಡು.' ಅತ್ತೆ ಫಾರ್ವರ್ಡ್ ಮಾಡಿದ ವೀಡಿಯೊದಲ್ಲಿ ಯಾರೋ ನೀರು ಚಿಮ್ಮುವ ಡ್ರಮ್ಮಿಗೆ ಕಪ್ಪು ಟೇಪು ಬಡಿದು ಸೋರಿಕೆ ನಿಲ್ಲಿಸುತ್ತಿದ್ದರು.

ಮೂರೂ ಕೇಳಲು ಸರಿ ಅನಿಸುತ್ತವೆ. ಆದರೆ ಮೂರಕ್ಕೂ ಒಂದೇ ಕೊರತೆ ಇದೆ: ನೀರು ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳಲಿಲ್ಲ. ದೋಣಿಯ ವಿಷಯದಲ್ಲಿ ಆ ಪ್ರಶ್ನೆ ಬಿಟ್ಟರೆ ದೋಣಿಯೇ ಮುಳುಗಬಹುದು. ಹಾಗಾಗಿ ವಿಷಯವನ್ನು ಒಂದೊಂದಾಗಿ ನೋಡೋಣ.

ಲೈವ್‌ವೆಲ್ ಎಂದರೇನು?

ಹಿಡಿದ ಮೀನನ್ನು ಜೀವಂತವಾಗಿ ಇಡಲು ದೋಣಿಯೊಳಗೇ ಕಟ್ಟಿರುವ ನೀರಿನ ತೊಟ್ಟಿಗೆ ಲೈವ್‌ವೆಲ್ ಎನ್ನುತ್ತಾರೆ. ಅಮೆರಿಕದಲ್ಲಿ ಕೆರೆ-ಸರೋವರಗಳಲ್ಲಿ ಬಾಸ್ ಎಂಬ ಮೀನು ಹಿಡಿಯುವ ಸ್ಪರ್ಧೆಗಳು ಬಹಳ ಜನಪ್ರಿಯ. ರೇ ಸ್ಕಾಟ್ ಎಂಬವರು 1967ರಲ್ಲಿ ಅರ್ಕಾನ್ಸಾ ರಾಜ್ಯದ ಬೀವರ್ ಲೇಕ್‌ನಲ್ಲಿ ದೊಡ್ಡ ಬಾಸ್ ಸ್ಪರ್ಧೆ ನಡೆಸಿದರು. 1970ರ ದಶಕದಲ್ಲಿ, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ಈ ಸ್ಪರ್ಧೆಗಳಲ್ಲಿ ಬೆಳೆಯಿತು. ಬಿಡಬೇಕಾದರೆ ಮೀನು ಬದುಕಿರಬೇಕು. ಹಾಗಾಗಿ ಗಾಳಿ ಬೆರೆಸುವ ಪಂಪು ಇರುವ ತೊಟ್ಟಿ ಆ ದೋಣಿಗಳ ಮುಖ್ಯ ಭಾಗವಾಯಿತು.

ನಮ್ಮ ಕಡೆ ಇಂಥದ್ದು ಇಲ್ಲವೇ? ಮಲ್ಪೆ, ಮಂಗಳೂರಿನ ದೊಡ್ಡ ಬೋಟುಗಳು ಮೀನನ್ನು ಐಸಿನಲ್ಲಿ ಇಡುತ್ತವೆ. ಆದರೆ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಕೋಲು-ಗಾಳದಿಂದ ಟ್ಯೂನಾ ಹಿಡಿಯುವ ದೋಣಿಗಳಲ್ಲಿ, ಎರೆಯಾಗಿ ಬಳಸುವ ಸಣ್ಣ ಮೀನುಗಳನ್ನು ಜೀವಂತ ಇಡುವ ತೊಟ್ಟಿ ಇರುತ್ತದೆ. ಅದರ ತಳದ ತೂತುಗಳಿಂದ ಸಮುದ್ರದ ನೀರು ಬಂದುಹೋಗುತ್ತದೆ, ಬೇಡವಾದಾಗ ತೂತಿಗೆ ಬಿರಡೆ ಹಾಕುತ್ತಾರೆ. ವಿನ್ಯಾಸ ಬೇರೆಯಾದರೂ ತತ್ವ ಒಂದೇ: ಹೊರಗಿನ ನೀರನ್ನು ಬೇಕೆಂದೇ ಒಳಗೆ ಬಿಡುವುದು, ಆದರೆ ಅದು ತೊಟ್ಟಿ ದಾಟದಂತೆ ತಡೆಯುವುದು. ಆ ತಡೆ ಕೆಟ್ಟರೆ ಅದೇ ಸೋರಿಕೆ.

ನೀರು ಯಾವ ದಾರಿಯಲ್ಲಿ ಓಡಾಡುತ್ತದೆ?

ಸೋರಿಕೆ ಹುಡುಕಲು ಮೊದಲು ಈ ದಾರಿ ಗೊತ್ತಿರಬೇಕು. ಹೆಚ್ಚಿನ ದೋಣಿಗಳಲ್ಲಿ ಅದು ಹೀಗಿರುತ್ತದೆ:

1. ದೋಣಿಯ ಹಿಂಬದಿ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ತೂತು. ಅದರಲ್ಲಿ ಕೂರಿಸಿದ ಕೊಳವೆಗೆ ಥ್ರೂ-ಹಲ್ ಫಿಟಿಂಗ್ ಎನ್ನುತ್ತಾರೆ.
2. ಅದರ ಹಿಂದೆ ಕೆಲವು ದೋಣಿಗಳಲ್ಲಿ ನೀರು ನಿಲ್ಲಿಸುವ ಬಾಲ್ ವಾಲ್ವ್.
3. ಬ್ಯಾಟರಿಯಿಂದ ಓಡುವ ಸಣ್ಣ ಪಂಪು.
4. ಪಂಪಿನಿಂದ ತೊಟ್ಟಿಗೆ ಹೋಗುವ ಪೈಪು, ತುದಿಯಲ್ಲಿ ನೀರು ಚಿಮುಕಿಸುವ ಬಾಯಿ.
5. ತೊಟ್ಟಿ ತುಂಬಿದಾಗ ಹೆಚ್ಚಿನ ನೀರನ್ನು ಹೊರಹಾಕುವ ಓವರ್‌ಫ್ಲೋ ಪೈಪು.
6. ತೊಟ್ಟಿ ಖಾಲಿ ಮಾಡುವ ತಳದ ಡ್ರೈನ್.

ಇವೆಲ್ಲ ದೋಣಿಯ ನೆಲಹಾಸಿನ ಕೆಳಗಿರುತ್ತವೆ. ಎಲ್ಲಿ ಸೋರಿದರೂ ನೀರು ಇಳಿದು ತಳದಲ್ಲಿ ಸೇರುತ್ತದೆ. ಈ ತಳಭಾಗಕ್ಕೆ ಬಿಲ್ಜ್ ಎಂದು ಹೆಸರು. ಹಾಗಾಗಿ ನೀರು ಕಂಡ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ಗೋಡೆಯಲ್ಲಿ ತೇವ ಕಂಡ ಕಡೆಯೇ ಪೈಪು ಒಡೆದಿರುವುದಿಲ್ಲವಲ್ಲ, ಹಾಗೇ ಇದೂ.

ಇದು ಎಷ್ಟು ಅಪಾಯಕಾರಿ?

ಸೋರಿಕೆಯಲ್ಲಿ ಎರಡು ಬಗೆ.

ಮೊದಲನೆಯದು ತೊಟ್ಟಿಯ ನೀರು ಮಾತ್ರ ಸೋರುವುದು. ತೊಟ್ಟಿಯಲ್ಲಿ 80 ಲೀಟರ್ ಇದ್ದರೆ, ಪಂಪು ನಿಂತಿರುವಾಗ ಹೆಚ್ಚೆಂದರೆ ಅಷ್ಟು ನೀರು ತಳಕ್ಕೆ ಬರುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ ಸುಮಾರು 4 ಲೀಟರ್. ಕಿರಿಕಿರಿ ಹೌದು, ಅಪಾಯ ಕಡಿಮೆ.

ಎರಡನೆಯದು ಹೊರಗಿನ ಸರೋವರವೇ ಒಳಗೆ ಬರುವುದು. ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ ಮುಕ್ಕಾಲು ಇಂಚಿನ (19 ಮಿಲಿಮೀಟರ್) ಫಿಟಿಂಗ್ ಮುರಿದುಹೋದರೆ ಆರಂಭದಲ್ಲಿ ನಿಮಿಷಕ್ಕೆ ಸುಮಾರು 25 ಲೀಟರ್ ನೀರು ನುಗ್ಗುತ್ತದೆ. ಅದೇ ವೇಗ ಉಳಿದರೆ ಒಂದು ಗಂಟೆಗೆ 1,500 ಲೀಟರ್, ಅಂದರೆ ಒಂದೂವರೆ ಟನ್ ಭಾರ. ನಿಮ್ಮ ಹೆಬ್ಬೆರಳಿನಷ್ಟು ಅಗಲದ ತೂತಿಗೆ ಇಷ್ಟು ಶಕ್ತಿ!

ಇವೆರಡರ ನಡುವೆ ಜನ ಮರೆಯುವ ಮೂರನೆಯ ಸನ್ನಿವೇಶವೂ ಇದೆ. ಪಂಪಿನಿಂದ ತೊಟ್ಟಿಗೆ ಹೋಗುವ ಪೈಪು ಕಳಚಿಕೊಂಡಿದ್ದರೆ, ಸ್ವಿಚ್ ಹಾಕಿದ ತಕ್ಷಣ ಪಂಪು ಸರೋವರದ ನೀರನ್ನು ಎಳೆದು ನೇರವಾಗಿ ದೋಣಿಯ ತಳಕ್ಕೆ ಸುರಿಯುತ್ತದೆ. ಮೀನನ್ನು ಬದುಕಿಸಬೇಕಾದ ಪಂಪೇ ದೋಣಿಯನ್ನು ತುಂಬಿಸುತ್ತದೆ. ಟೈಮರ್ ಇರುವ ದೋಣಿಯಲ್ಲಿ ಇದು ಯಾರಿಗೂ ಗೊತ್ತಾಗದೆ ಗಂಟೆಗಟ್ಟಲೆ ನಡೆಯಬಹುದು.

ಮೀನಿನ ಕಡೆಯಿಂದಲೂ ನೋಡಿ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಗೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಪೈಪು ಸೋರಿ ತೊಟ್ಟಿಗೆ ಹೊಸ ನೀರು ಬರದಿದ್ದರೆ ಮೀನುಗಳು ಬೇಗ ಸಾಯುತ್ತವೆ.

ಮೊದಲ ನಂಬಿಕೆ: 'ಬಿಲ್ಜ್ ಪಂಪ್ ಇದೆ, ಭಯವಿಲ್ಲ'

ತಳದ ನೀರನ್ನು ಹೊರಹಾಕುವ ಪಂಪು ಇದ್ದೇ ಇರುತ್ತದೆ. ಆದರೆ ಅದರ ಲೇಬಲ್ ಓದಿ. ಗಂಟೆಗೆ 500 ಗ್ಯಾಲನ್ ಎಂದಿದ್ದರೆ ನಿಮಿಷಕ್ಕೆ ಸುಮಾರು 31 ಲೀಟರ್. ಇದು ನೀರನ್ನು ಮೇಲಕ್ಕೆ ಎತ್ತುವ ಕೆಲಸವೇ ಇಲ್ಲದಾಗಿನ ಲೆಕ್ಕ. ಪೈಪಿನ ಎತ್ತರ, ತಿರುವು, ಇಳಿದ ಬ್ಯಾಟರಿ ಎಲ್ಲ ಸೇರಿದರೆ ನಿಜವಾಗಿ ಹೋಗುವ ನೀರು ಇನ್ನೂ ಕಡಿಮೆ. ಮೇಲೆ ಹೇಳಿದ ಮುರಿದ ಫಿಟಿಂಗಿಗೆ ಅದು ಸರಿಸಾಟಿಯಾಗುವುದೂ ಕಷ್ಟ.

ಇನ್ನೊಂದು ತೊಂದರೆ: ತಾನಾಗಿಯೇ ಚಾಲೂ ಆಗುವ ಪಂಪು ಸೋರಿಕೆಯನ್ನು ಮುಚ್ಚಿಡುತ್ತದೆ. ನೀರು ಕಾಣದ ಕಾರಣ ಎಲ್ಲ ಸರಿ ಇದೆ ಎಂದುಕೊಳ್ಳುತ್ತೇವೆ. ದಡದಲ್ಲಿ ಕಟ್ಟಿಟ್ಟ ದೋಣಿಯ ಬ್ಯಾಟರಿ ಮುಗಿದ ರಾತ್ರಿ ಸತ್ಯ ಗೊತ್ತಾಗುತ್ತದೆ.

'ದೋಣಿಯೊಳಗೆ ಫೋಮ್ ತುಂಬಿದ್ದಾರೆ, ಮುಳುಗುವುದೇ ಇಲ್ಲ' ಎಂಬ ಮಾತೂ ಅರ್ಧ ಸತ್ಯ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರು ದೋಣಿಗಳು, ನೀರು ತುಂಬಿದರೂ ತೇಲಿಕೊಂಡಿರಬೇಕು ಎಂಬ ನಿಯಮ ಇದೆ. ತೇಲುತ್ತದೆ ಎಂದರೆ ತಳ ಸೇರುವುದಿಲ್ಲ ಎಂದಷ್ಟೇ. ನೀವು ಎದೆಮಟ್ಟದ ನೀರಿನಲ್ಲಿ ಕೂತಿರಬೇಕಾಗಬಹುದು, ಎಂಜಿನ್ ಕೆಟ್ಟಿರುತ್ತದೆ.

ಸೋರಿಕೆ ಹುಡುಕುವುದು ಹೇಗೆ? ಐದು ಹಂತ

ಮುಖ್ಯ ಸೂತ್ರ ಒಂದೇ: ಒಂದು ಸಲಕ್ಕೆ ಒಂದೇ ಭಾಗಕ್ಕೆ ನೀರು ಕೊಡಿ. ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಯಾವುದು ಸೋರಿತು ಎಂದು ತಿಳಿಯುವುದಿಲ್ಲ.

ಮೊದಲು ಎಚ್ಚರಿಕೆ. ತಳದಲ್ಲಿ ಪೆಟ್ರೋಲ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡಿ, ಪೆಟ್ರೋಲ್ ಸೋರಿಕೆ ಸರಿಯಾಗುವವರೆಗೆ ಈ ಕೆಲಸ ಬೇಡ. ಕೈ ಹಾಕಿ ನೋಡುವಾಗ ಬ್ಯಾಟರಿಯ ತಂತಿ ಕಳಚಿಡಿ. ದೋಣಿ ಟ್ರೈಲರ್ ಮೇಲಿದ್ದರೆ ಚಕ್ರಗಳಿಗೆ ಅಡ್ಡ ಕೊಡಿ. 100 ಲೀಟರ್ ನೀರು ಎಂದರೆ 100 ಕಿಲೋ, ಆದ್ದರಿಂದ ತುಂಬಿದ ದೋಣಿಯ ಕೆಳಗೆ ಮಲಗಿ ನೋಡಬೇಡಿ.

ಹಂತ 1: ಒಣಗಿಸಿ. ದೋಣಿಯ ತಳದ ಬಿರಡೆ ತೆಗೆದು ನೀರು ಪೂರ್ತಿ ಹರಿಸಿ, ಬಟ್ಟೆಯಿಂದ ಒರೆಸಿ. ಪ್ರತಿ ಜೋಡಣೆಯ ಕೆಳಗೆ ಒಣ ನ್ಯೂಸ್‌ಪೇಪರ್ ಇಡಿ, ಇಲ್ಲವೇ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಒಂದು ಹನಿ ಬಿದ್ದರೂ ಗುರುತು ಉಳಿಯುತ್ತದೆ.

ಹಂತ 2: ತೊಟ್ಟಿ ಮಾತ್ರ ತುಂಬಿಸಿ. ದೋಣಿ ಟ್ರೈಲರ್ ಮೇಲಿರುವಾಗಲೇ ಡ್ರೈನ್ ಮುಚ್ಚಿ, ಹೋಸ್ ಪೈಪಿನಿಂದ ಓವರ್‌ಫ್ಲೋ ಬಾಯಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಬಿಡಿ. ಅಡುಗೆಗೆ ಬಳಸುವ ಬಣ್ಣ ಕೆಲವು ಹನಿ ಬೆರೆಸಿ. ನೀರಿನ ಮಟ್ಟಕ್ಕೆ ಟೇಪಿನಿಂದ ಗುರುತು ಹಾಕಿ ಒಂದು ಗಂಟೆ ಕಾಯಿರಿ.

- ಮಟ್ಟ ಇಳಿದು ಒಂದು ಕಡೆ ನಿಂತುಬಿಟ್ಟರೆ, ನಿಂತ ಎತ್ತರದಲ್ಲೇ ತೂತು ಇದೆ. ಅದರ ಸುತ್ತ ಹುಡುಕಿ.
- ಪೂರ್ತಿ ಖಾಲಿಯಾದರೆ ಡ್ರೈನ್ ಅಥವಾ ತಳದ ಜೋಡಣೆ ಸೋರುತ್ತಿದೆ.
- ಮಟ್ಟ ಇಳಿದಿದೆ, ಆದರೆ ದೋಣಿಯ ತಳ ಒಣಗಿದೆ ಎಂದರೆ ಡ್ರೈನ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ನೀರು ದೋಣಿಯ ಹೊರಗೆ ಹೋಗುತ್ತಿದೆ.
- ತಳದಲ್ಲಿ ನೀರಿದೆ, ಆದರೆ ಬಣ್ಣವಿಲ್ಲ ಎಂದರೆ ಅದು ತೊಟ್ಟಿಯದ್ದಲ್ಲ. ಎಲ್ಲೋ ನಿಂತಿದ್ದ ಮಳೆ ನೀರು ಇಳಿದಿರಬಹುದು.

ಹಂತ 3: ಓವರ್‌ಫ್ಲೋ ತನಕ ತುಂಬಿಸಿ. ಓವರ್‌ಫ್ಲೋ ಪೈಪಿನ ಸೋರಿಕೆ ತೊಟ್ಟಿ ತುಂಬಿದಾಗ ಮಾತ್ರ ಕಾಣುತ್ತದೆ. 'ಮನೆಯಲ್ಲಿ ನೋಡಿದಾಗ ಏನೂ ಇರಲಿಲ್ಲ, ಸರೋವರಕ್ಕೆ ಹೋದರೆ ಸೋರುತ್ತದೆ' ಎನ್ನುವವರು ಈ ಹಂತ ಬಿಟ್ಟಿರುವ ಸಾಧ್ಯತೆ ಹೆಚ್ಚು.

ಹಂತ 4: ಪಂಪು ಓಡಿಸಿ. ಕೆಲವು ತೊಟ್ಟಿಗಳಲ್ಲಿ ಒಳಗಿನ ನೀರನ್ನೇ ಮತ್ತೆ ಸುತ್ತಿಸುವ ಪಂಪು ಇರುತ್ತದೆ, ಅದನ್ನು ಓಡಿಸಿ. ಹೊರಗಿನಿಂದ ನೀರು ಎಳೆಯುವ ಪಂಪಿಗೆ ಹಿಂಬದಿಯ ತೂತಿನ ಬಳಿ ಹೋಸ್ ಪೈಪನ್ನು ಸಡಿಲವಾಗಿ ಹಿಡಿದು ನೀರು ಕೊಡಿ. ನಲ್ಲಿಯನ್ನು ಬಿಗಿಯಾಗಿ ಜೋಡಿಸಿ ಪೂರ್ತಿ ಒತ್ತಡ ಹಾಕಬೇಡಿ, ಈ ಪೈಪುಗಳು ಅಷ್ಟು ಒತ್ತಡಕ್ಕೆ ಮಾಡಿದವಲ್ಲ. ಪಂಪನ್ನು ನೀರಿಲ್ಲದೆ ಓಡಿಸಲೂ ಬೇಡಿ. ಈಗ ಟಾರ್ಚ್ ಹಿಡಿದು ಪಂಪಿನಿಂದ ಚಿಮುಕುವ ಬಾಯಿಯವರೆಗೆ ಪ್ರತಿ ಜೋಡಣೆಗೂ ಒಣ ಟಿಶ್ಯೂ ಒತ್ತಿ ನೋಡಿ.

ಇಲ್ಲೊಂದು ಸೂಕ್ಷ್ಮ ಇದೆ. ಪಂಪು ನೀರು ಎಳೆಯುವ ಬದಿಯಲ್ಲಿ ಬಿರುಕಿದ್ದರೆ ಅಲ್ಲಿ ನೀರು ಹೊರಬರದೆ ಗಾಳಿ ಒಳಹೋಗಬಹುದು. ಪಂಪು ಸದ್ದು ಮಾಡುತ್ತದೆ, ನೀರು ಗುಳುಗುಳು ಎಂದು ಬಿಟ್ಟುಬಿಟ್ಟು ಬರುತ್ತದೆ. ತೇವ ಕಾಣದಿದ್ದರೂ ಅದು ಸೋರಿಕೆಯೇ.

ಹಂತ 5: ನೀರಿಗೆ ಇಳಿಸಿ. ಬಿರಡೆ ಹಾಕಿದ್ದೀರಾ ಎಂದು ಎರಡು ಸಲ ನೋಡಿ. ದೋಣಿಯನ್ನು ಟ್ರೈಲರಿಗೆ ಕಟ್ಟಿದಂತೆಯೇ ನೀರಿಗೆ ಇಳಿಸಿ, ಎಲ್ಲ ಪಂಪು ಆಫ್ ಮಾಡಿ 15 ನಿಮಿಷ ಹಿಂಬದಿಯನ್ನು ನೋಡುತ್ತಿರಿ. ಪಂಪು ನಿಂತಿರುವಾಗಲೂ ನೀರು ಬಂದರೆ ಥ್ರೂ-ಹಲ್ ಫಿಟಿಂಗ್, ತಳದ ಬಿರಡೆ, ಎಂಜಿನ್ ಕೂರಿಸಿದ ಬೋಲ್ಟುಗಳು, ಅಲ್ಯೂಮಿನಿಯಂ ದೋಣಿಯಾದರೆ ರಿವೆಟ್‌ಗಳು ಇವುಗಳ ಮೇಲೆ ಅನುಮಾನ ಪಡಿ. ಇದು ಎರಡನೆಯ ಬಗೆಯ, ಅಪಾಯದ ಸೋರಿಕೆ. ಸರಿಯಾಗುವವರೆಗೆ ದೋಣಿ ನೀರಿಗೆ ಹೋಗಬಾರದು.

ಎರಡನೆಯ ನಂಬಿಕೆ: 'ಎಂ-ಸೀಲ್ ಅಥವಾ ಟೇಪು ಸಾಕು'

ಎಪಾಕ್ಸಿ ಪುಟ್ಟಿ ಕೆಟ್ಟ ವಸ್ತುವಲ್ಲ. ಸ್ವಚ್ಛವಾದ, ಅಲುಗಾಡದ ಲೋಹ ಅಥವಾ ಗಟ್ಟಿ ಪೈಪಿನ ಮೇಲೆ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ದೋಣಿಯಲ್ಲಿ ಎರಡು ಅಡ್ಡಿಗಳಿವೆ. ಮೊದಲನೆಯದು ಅಲುಗಾಟ: ಅಲೆ, ಎಂಜಿನ್‌ಗಳಿಂದ ಜೋಡಣೆ ಸದಾ ಅದುರುತ್ತದೆ, ಗಟ್ಟಿಯಾದ ಪುಟ್ಟಿ ಬಿರುಕು ಬಿಡುತ್ತದೆ. ಎರಡನೆಯದು ಪ್ಲಾಸ್ಟಿಕ್ಕಿನ ಗುಣ: ಹಲವು ತೊಟ್ಟಿಗಳು ಪಾಲಿಥೀನ್‌ನವು. ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕೂ ಅದೇ ಜಾತಿ. ಪಾಲಿಥೀನ್‌ಗೆ ಸಾಮಾನ್ಯ ಅಂಟುಗಳು ಸರಿಯಾಗಿ ಹಿಡಿಯುವುದೇ ಇಲ್ಲ.

ಟೇಪು ತುರ್ತಿಗೆ ಸರಿ, ದಡ ಸೇರುವವರೆಗೆ. ಟೆಫ್ಲಾನ್ ಟೇಪಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದು ಪೈಪಿನ ಮರೆ ಇರುವ ಜೋಡಣೆಗೆ ಮಾತ್ರ. ಕ್ಲ್ಯಾಂಪು ಹಾಕುವ ಪೈಪಿನ ತುದಿಗೆ ಸುತ್ತಿದರೆ ಜಾರಲು ಇನ್ನಷ್ಟು ಅನುಕೂಲ ಮಾಡಿಕೊಟ್ಟಂತೆ.

ಹಾಗಾದರೆ ಸರಿಪಡಿಸುವುದು ಹೇಗೆ?

ಕ್ಲ್ಯಾಂಪು ಸಡಿಲವಾಗಿದ್ದರೆ: ಬಿಗಿ ಮಾಡಿ, ಆದರೆ ಪೈಪು ಕತ್ತರಿಸುವಷ್ಟು ಬೇಡ. ತುಕ್ಕು ಹಿಡಿದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿ. ನೀರಿನ ಮಟ್ಟಕ್ಕಿಂತ ಕೆಳಗಿನ ಜೋಡಣೆಯಲ್ಲಿ ಜಾಗವಿದ್ದರೆ ಎರಡು ಕ್ಲ್ಯಾಂಪು ಹಾಕುವುದು ಒಳ್ಳೆಯದು.

ಪೈಪಿನ ತುದಿ ಗಟ್ಟಿಯಾಗಿದ್ದರೆ: ಉದ್ದ ಸಾಕಷ್ಟಿದ್ದರೆ ತುದಿಯ 2-3 ಸೆಂಟಿಮೀಟರ್ ಕತ್ತರಿಸಿ, ಉಳಿದದ್ದನ್ನು ಬಿಸಿನೀರಿನಲ್ಲಿ ಅದ್ದಿ ಮೆದು ಮಾಡಿ ಮತ್ತೆ ಕೂರಿಸಿ. ಮಡಿಕೆ ಮಡಿಕೆಯ ತೆಳು ಪೈಪು ಬಿರುಕು ಬಿಟ್ಟಿದ್ದರೆ, ಅದೇ ಅಳತೆಯ ದಪ್ಪ ಪೈಪು ಹಾಕಿ.

ಪಂಪಿನಲ್ಲಿ ಸೋರುತ್ತಿದ್ದರೆ: ಎಷ್ಟೋ ಪಂಪುಗಳಲ್ಲಿ ಮೋಟಾರಿನ ಭಾಗವನ್ನು ತಿರುಗಿಸಿ ಹೊರತೆಗೆಯಬಹುದು. ನಡುವಿನ ರಬ್ಬರ್ ಉಂಗುರ ಸವೆದಿದ್ದರೆ ಬದಲಿಸಿ. ಪಂಪಿನ ಮೈಯೇ ಸೀಳಿದ್ದರೆ ಪಂಪು ಬದಲಿಸಬೇಕು. ಮಿನ್ನೆಸೋಟದಂಥ ಚಳಿ ಊರುಗಳಲ್ಲಿ ಇದಕ್ಕೆ ಕಾರಣ ಹಿಮಗಟ್ಟುವುದು. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಒಳಗೆ ಉಳಿದ ನೀರು ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಚಳಿಗಾಲಕ್ಕೆ ಮೊದಲು ಪೈಪುಗಳನ್ನು ಪೂರ್ತಿ ಖಾಲಿ ಮಾಡುವುದೇ ಮದ್ದು.

ಥ್ರೂ-ಹಲ್ ಫಿಟಿಂಗ್ ಕೆಟ್ಟಿದ್ದರೆ: ಹೊರಗಿನಿಂದ ಅಂಟು ಬಳಿಯಬೇಡಿ. ಬಿಸಿಲಿಗೆ ಒಣಗಿ ಪುಡಿಯಾಗುತ್ತಿರುವ ಪ್ಲಾಸ್ಟಿಕ್ ಫಿಟಿಂಗನ್ನು ಪೂರ್ತಿ ತೆಗೆಯಿರಿ. ಹಳೆಯ ಅಂಟನ್ನು ಕೆರೆದು, ದೋಣಿಗಳಿಗೆಂದೇ ಸಿಗುವ ಮರೈನ್ ಸೀಲಂಟ್ ಹಚ್ಚಿ ಹೊಸದನ್ನು ಕೂರಿಸಿ. ಆ ಸೀಲಂಟ್ ನಿಮ್ಮ ಫಿಟಿಂಗಿನ ಪ್ಲಾಸ್ಟಿಕ್ಕಿಗೆ ಆಗುತ್ತದೆಯೇ, ಒಣಗಲು ಎಷ್ಟು ಹೊತ್ತು ಬೇಕು ಎಂದು ಟ್ಯೂಬಿನ ಮೇಲೆ ಓದಿ. ಕೆಲವಕ್ಕೆ ಹಲವು ದಿನ ಬೇಕು. ಅಲ್ಯೂಮಿನಿಯಂ ದೋಣಿಗೆ ಹಿತ್ತಾಳೆ ಅಥವಾ ಕಂಚಿನ ಫಿಟಿಂಗ್ ಹಾಕಬೇಡಿ. ಎರಡು ಬೇರೆ ಲೋಹಗಳು ನೀರಿನಲ್ಲಿ ಸೇರಿದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ, ಹೊಸ ತೂತಿಗೆ ನೀವೇ ದಾರಿ ಮಾಡಿದಂತೆ. ಹಿಂಬದಿ ಗೋಡೆಯೊಳಗೆ ಮರದ ಹಲಗೆ ಇದ್ದರೆ, ತೂತಿನ ಅಂಚಿನಲ್ಲಿ ಕಾಣುವ ಮರಕ್ಕೆ ಮೊದಲು ಎಪಾಕ್ಸಿ ಬಳಿಯಿರಿ, ಇಲ್ಲದಿದ್ದರೆ ಅದು ಒಳಗೊಳಗೇ ಕೊಳೆಯುತ್ತದೆ.

ತೊಟ್ಟಿಯೇ ಒಡೆದಿದ್ದರೆ: ಪಾಲಿಥೀನ್ ಆದರೆ ಪ್ಲಾಸ್ಟಿಕ್ ವೆಲ್ಡಿಂಗ್ ಅಥವಾ ಹೊಸ ತೊಟ್ಟಿ. ಫೈಬರ್ ಗ್ಲಾಸ್ ಆದರೆ ಉಜ್ಜಿ ರೆಸಿನ್-ಫೈಬರ್ ತೇಪೆ. ಅಲ್ಯೂಮಿನಿಯಂ ಆದರೆ ವೆಲ್ಡಿಂಗ್.

ಸರಿಪಡಿಸಿದ ಮೇಲೆ ಐದೂ ಹಂತಗಳನ್ನು ಮತ್ತೆ ಮಾಡಿ. ಒಂದು ಸೋರಿಕೆಯ ಹಿಂದೆ ಇನ್ನೊಂದು ಅಡಗಿರುವುದು ಉಂಟು.

ನೀರಿನ ನಡುವೆ ಇದ್ದಾಗ ಗೊತ್ತಾದರೆ?

ಮೊದಲು ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಲೈವ್‌ವೆಲ್ ಪಂಪು ನಿಲ್ಲಿಸಿ, ವಾಲ್ವ್ ಇದ್ದರೆ ಮುಚ್ಚಿ, ಬಿಲ್ಜ್ ಪಂಪು ಚಾಲೂ ಮಾಡಿ. ಮುರಿದ ಕೊಳವೆ ಕಂಡರೆ ಮರದ ಬಿರಡೆ ಅಥವಾ ಬಿಗಿಯಾಗಿ ಸುತ್ತಿದ ಬಟ್ಟೆ ತುರುಕಿ ದಡದ ಕಡೆ ಹೊರಡಿ. ನೀರು ಏರುತ್ತಲೇ ಇದ್ದರೆ ತಡಮಾಡದೆ ಸಹಾಯಕ್ಕೆ ಕರೆ ಮಾಡಿ.

ದಡಕ್ಕೆ ಬಂದ ಮೇಲೆ ತೊಟ್ಟಿಯ ನೀರನ್ನು ಅಲ್ಲೇ ಖಾಲಿ ಮಾಡಿ. ಮಿನ್ನೆಸೋಟದಲ್ಲಿ ದೋಣಿ ಸಾಗಿಸುವಾಗ ನೀರನ್ನೆಲ್ಲ ಹರಿಸಿ, ಬಿರಡೆ ತೆಗೆದಿಟ್ಟಿರಬೇಕು ಎಂಬ ಕಾನೂನೇ ಇದೆ. ಜೀಬ್ರಾ ಮಸ್ಸೆಲ್‌ನಂಥ ಹೊರಗಿನ ಚಿಪ್ಪುಜೀವಿಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಹರಡದಿರಲಿ ಎಂದು.

ಕೊನೆಗೆ ಏನಾಯಿತು?

ದೊಡ್ಡಪ್ಪನ ಮಗ ಹಂತಹಂತವಾಗಿ ನೋಡಿದ. ತೊಟ್ಟಿ ಸೋರುತ್ತಿರಲಿಲ್ಲ. ದೋಣಿ ನೀರಿಗಿಳಿದ ಮೇಲೆ ಹಿಂಬದಿಯ ಪ್ಲಾಸ್ಟಿಕ್ ಫಿಟಿಂಗಿನ ಸುತ್ತ ನೀರು ಜಿನುಗುತ್ತಿತ್ತು. ಕೈಯಿಂದ ಅಲುಗಿಸಿದರೆ ಅಲುಗುತ್ತಿತ್ತು. ತೊಟ್ಟಿಗೆ ಎಂ-ಸೀಲ್ ಹಚ್ಚಿ ಸಮಾಧಾನ ಮಾಡಿಕೊಂಡಿದ್ದರೆ, ಆ ಫಿಟಿಂಗ್ ಮುಂದೊಂದು ದಿನ ಸರೋವರದ ನಡುವೆ ಮುರಿಯಬಹುದಿತ್ತು.

ನೆನಪಿಡಿ: ಪಂಪು ನಿಂತಾಗಲೂ ನೀರು ಬಂದರೆ ದೋಣಿಯ ಗೋಡೆ ನೋಡಿ. ಪಂಪು ಓಡುವಾಗ ಮಾತ್ರ ಬಂದರೆ ಪೈಪು ನೋಡಿ. ತೊಟ್ಟಿ ತುಂಬಿದಾಗ ಮಾತ್ರ ಬಂದರೆ ಓವರ್‌ಫ್ಲೋ ನೋಡಿ. ದೋಣಿ ಇಲ್ಲದವರಿಗೂ ಇದು ಉಪಯೋಗಕ್ಕೆ ಬರುತ್ತದೆ: ಮನೆಯ ಟ್ಯಾಂಕಿನ ನೀರು ರಾತ್ರಿ ಕಳೆಯುವುದರಲ್ಲಿ ಇಳಿದಿದ್ದರೆ, ಎಲ್ಲ ನಲ್ಲಿ ಮುಚ್ಚಿ, ಮಟ್ಟ ಗುರುತು ಮಾಡಿ, ಅದು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಮುಂದಿನ ಸಲ ಗುಂಪಿನಲ್ಲಿ 'ಇದನ್ನು ಹಚ್ಚಿ, ಸೋರಿಕೆ ಮಾಯ' ಎಂಬ ವೀಡಿಯೊ ಬಂದಾಗ, ಹಂಚುವ ಮುನ್ನ ಕೇಳಿ: ಎಲ್ಲಿ ಸೋರುತ್ತಿದೆ ಎಂದು ನೋಡಿದ್ದಾರೆಯೇ?